ಎದ್ದು ನಿಂತವರ ಲೆಕ್ಕ

ಗಡಿಬಿಡಿಯನ್ನು ಸಮ್ಮೇಳನಕ್ಕೆ ಕಳಿಸಬೇಕಾದೀತೆಂದು ಗುಂಪಿನಲ್ಲಿ ಒಬ್ಬರೂ ಕನಸಿನಲ್ಲಿ ಕೂಡ ನೆನೆಸಿರಲಿಲ್ಲ. ಹೋಗಬೇಕಾಗಿದ್ದವರು ಮೇಷ್ಟ್ರು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ. ಒಂದು ಮಾತು ಆಡುವ ಮುಂಚೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಬೇಡವೆಂದು ಸುಮ್ಮನಾಗುವವರು. ಅಂಥವರಿಗೆ ಹೊರಡುವ ಹಿಂದಿನ ದಿನವೇ ಗಂಟಲು ಕಟ್ಟಿತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಮಿಕ್ಕವರಲ್ಲಿ ಒಬ್ಬರಿಗೆ ಅಂಗಡಿ, ಒಬ್ಬರಿಗೆ ಪರೀಕ್ಷೆ ಡ್ಯೂಟಿ, ಒಬ್ಬಳಿಗೆ ಮಡಿಲಲ್ಲಿ ಹಸುಗೂಸು. ಉಳಿದವಳು ಗಡಿಬಿಡಿಯೊಬ್ಬಳೇ.

ಇವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮುರಿದ ಮಂಡಿ, ಹಿಡಿದುಕೊಂಡ ಸೊಂಟ, ಸ್ವಾಧೀನ ತಪ್ಪಿದ ಕೈಕಾಲು, ಇಂಥವುಗಳ ಒಡೆಯರನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳಿಗೆ ಎಲ್ಲಿಲ್ಲದ ತಾಳ್ಮೆ. ಆಸ್ಪತ್ರೆಯ ಗೇಟು ದಾಟಿದಳೆಂದರೆ ಮುಗಿಯಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಗಂಡನಿಗೆ ಕಳಿಸಬೇಕಾದ ಸಂದೇಶವನ್ನು ಆಸ್ಪತ್ರೆಯ ಮುಖ್ಯಸ್ಥರಿಗೆ ಕಳಿಸುವುದು, ಬೇರೆಯವರ ಕೊಡೆ ಹಿಡಿದು ಮನೆಗೆ ಬರುವುದು, ಇವೆಲ್ಲ ದಿನನಿತ್ಯದ ಮಾತು. ಗಡಿಬಿಡಿ ಎಂದು ಮೊದಲು ಕರೆದದ್ದು ಗಂಡ. ಗುಂಪಿನವರು ಅದನ್ನು ಕಾಯಂ ಮಾಡಿದರು. ಅವಳ ನಿಜವಾದ ಹೆಸರು ಈಗ ಸಂಬಳದ ಚೀಟಿಯವರಿಗೆ ಬಿಟ್ಟರೆ ಯಾರಿಗೂ ಬೇಡವಾಗಿದೆ.

ಈ ಗುಂಪು ಹುಟ್ಟಿದ್ದು ಅತ್ತೆಯ ಕಾಲಿನಿಂದ. ಅತ್ತೆ ಎಂದರೆ ಗಡಿಬಿಡಿಯ ಗಂಡನ ತಾಯಿ. ಹೊಲಿಗೆ ಅಂಗಡಿ ಇಟ್ಟುಕೊಂಡು ಇಡೀ ಬೀದಿಯ ಬಟ್ಟೆಯನ್ನೂ ಬೀದಿಯ ಸುದ್ದಿಯನ್ನೂ ಒಟ್ಟಿಗೇ ಹೊಲಿಯುತ್ತಿದ್ದ ಹೆಂಗಸು. ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಸೊಸೆಗೆ ತನಗೆ ಗೊತ್ತಿದ್ದ ವಿದ್ಯೆ ಸಾಲಲಿಲ್ಲ. ಹೊಸ ವ್ಯಾಯಾಮಕ್ರಮವೊಂದರ ಬಗ್ಗೆ ಎಲ್ಲೋ ಸಂಶೋಧನೆ ಲೇಖನ ಬಂದಿದೆಯೆಂದು ಗೊತ್ತಾಗಿ ಹುಡುಕಿದರೆ ಅದಕ್ಕೆ ಬೀಗ: ದುಡ್ಡು ಕಟ್ಟಿದರೆ ಓದು, ಇಲ್ಲವಾದರೆ ತಲೆಬರಹ ನೋಡಿಕೊಂಡು ನಡೆ. ಅವಳು ಲೈಬ್ರರಿಯ ಮೇಷ್ಟ್ರನ್ನು ಹಿಡಿದಳು, ಮೇಷ್ಟ್ರು ಲೇಖನ ಬರೆದವರನ್ನೇ ಹಿಡಿದರು, ಅಂತೂ ಇಂತೂ ಕೈಗೆ ಸಿಕ್ಕಿತು. ಹಾಸಿಗೆಯ ಪಕ್ಕ ಕೂತು ಅವಳು ಅದನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿದಾಗ, ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದ ಅತ್ತೆ ತೊದಲುತ್ತ, “ಏನೂ ಅರ್ಥ ಆಗ್ಲಿಲ್ಲ” ಎಂದರು. ಸೊಸೆ ಅತ್ತಳು, ನಕ್ಕಳು, ಆಮೇಲೆ ಕೂತು ಇಡೀ ಲೇಖನವನ್ನು ಸರಳವಾಗಿ ಮತ್ತೆ ಬರೆದಳು.

ಹಾಗೆ ಶುರುವಾದದ್ದು ‘ಎರಡನೇ ಹೆಜ್ಜೆ’ ಎಂಬ ಪತ್ರಿಕೆ. ಬಿದ್ದವರು ಏಳುವುದು ಹೇಗೆ, ಎದ್ದವರು ನಡೆಯುವುದು ಹೇಗೆ ಎಂಬುದರ ಸಂಶೋಧನೆಗಳನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು, ಬೀಗವಿಲ್ಲ. ನಡೆಸುವವರು ಹನ್ನೊಂದು ಜನ. ಯಾರಿಗೂ ಸಂಬಳವಿಲ್ಲ, ಕುರ್ಚಿಯಿಲ್ಲ, ಕಚೇರಿಯಿಲ್ಲ. ಬಂದ ಪ್ರತಿ ಲೇಖನವನ್ನು ಇಬ್ಬರು ತಜ್ಞರು ನೋಡಿದ ಮೇಲೆ ಅತ್ತೆಯ ಮುಂದೆ ಓದಬೇಕು. ಅವರು ಆಕಳಿಸಿದರೆ ಲೇಖನ ವಾಪಸ್. ಎಷ್ಟೋ ಪ್ರೊಫೆಸರುಗಳು ‘ಅಮ್ಮನಿಗೆ ನಿದ್ದೆ ಬಂತೇ?’ ಎಂದು ವಿಚಾರಿಸಿ ಮೇಲ್ ಬರೆಯುವುದುಂಟು. ಅಂಗಡಿ ಮುಚ್ಚಿದ ಮೇಲೆ ಅತ್ತೆಗೆ ಬದುಕಿನಲ್ಲಿ ಒಂದು ಕೆಲಸ ಎಂದು ಉಳಿದದ್ದು ಇದೇ, ಆ ಕೆಲಸವನ್ನು ಅವರು ನ್ಯಾಯಾಧೀಶರ ಗತ್ತಿನಲ್ಲಿ ಮಾಡುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ತಂದವಳು ಗಡಿಬಿಡಿಯೇ. ಬೆನ್ನುನೋವಿನ ಲೇಖನವನ್ನು ಗಂಟೆಗಟ್ಟಲೆ ಬೆನ್ನು ಬಗ್ಗಿಸಿ ತಿದ್ದುವವರನ್ನು ನೋಡಿ ನೋಡಿ ಅವಳಿಗೆ ರೇಗಿಹೋಗಿತ್ತು. ಸಂಚಿಕೆ ಸಿದ್ಧವಾದ ದಿನ ಎಲ್ಲರೂ ಫೋನಿನ ಪರದೆಯ ಮೇಲೆ ಸೇರಬೇಕು. ಅದಕ್ಕೆ ಕೈ ಹಾಕಿದವರೆಲ್ಲ, ಬರೆದವರು, ತಿದ್ದಿದವರು, ಬರೀ ಒಂದು ಅಲ್ಪವಿರಾಮ ಸರಿಸಿದವರು ಕೂಡ, ಎದ್ದು ನಿಲ್ಲಬೇಕು. ‘ಪ್ರಕಟಿಸು’ ಎಂಬ ಬಟನ್ ಒತ್ತುವ ತನಕ ಯಾರೂ ಕೂರುವಂತಿಲ್ಲ. ಮೊದಲ ಸಂಚಿಕೆಗೆ ಅತ್ತೆಯನ್ನು ಇಬ್ಬರು ಎತ್ತಿ ಹಿಡಿದಿದ್ದರು. ಈಗ ಅವರು ವಾಕರ್ ಹಿಡಿದು ತಾವೇ ನಿಲ್ಲುತ್ತಾರೆ. ವಾಕರ್ ಬಿಡಿ ಎಂದರೆ ಮಾತ್ರ, “ನೀನು ಫೋನ್ ಬಿಡು, ಆಮೇಲೆ ನಾನು ವಾಕರ್ ಬಿಡ್ತೀನಿ” ಎಂದು ಸೊಸೆಯ ಬಾಯಿ ಮುಚ್ಚಿಸುತ್ತಿದ್ದರು.

ಈ ಸಲದ ಸಮ್ಮೇಳನ ಅಂತಿಂಥದ್ದಲ್ಲ. ಬೀಗವಿಲ್ಲದೆ ಪ್ರಕಟಿಸುವ ಗುಂಪುಗಳೆಲ್ಲ ಸೇರಿ ಚಳವಳಿಯ ಮುಂದಿನ ಹಾದಿ ಯಾವುದೆಂದು ತೀರ್ಮಾನಿಸುವ ಸಮ್ಮೇಳನ. ಹಕ್ಕಿ ಎಣಿಸುವವರು, ಹಳೆಯ ನಕ್ಷೆ ಕೂಡಿಹಾಕುವವರು, ಕಾನೂನಿನ ತೀರ್ಪುಗಳನ್ನು ಸರಳ ಮಾಡುವವರು, ಒಬ್ಬರೇ ಇಬ್ಬರೇ. ಮುಂದಿಟ್ಟ ಕರಡಿನಲ್ಲಿ ಒಂದು ಕಲಂ ಇತ್ತು: ನೋಂದಾಯಿಸಿದ ನೂರು ಸದಸ್ಯರಿಲ್ಲದ ಗುಂಪಿಗೆ ಇನ್ನು ಮುಂದೆ ಮತವಿಲ್ಲ, ಅಂಥ ಗುಂಪು ತನ್ನ ವಿಷಯಕ್ಕೆ ಹತ್ತಿರದ ದೊಡ್ಡ ಗುಂಪಿನಲ್ಲಿ ಸೇರಿಹೋಗಬೇಕು. ‘ಎರಡನೇ ಹೆಜ್ಜೆ’ಗೆ ಹತ್ತಿರದ ದೊಡ್ಡ ಗುಂಪು ವೈದ್ಯರದು. ಒಳ್ಳೆಯವರೇ, ಆದರೆ ಅವರು ಲೇಖನವನ್ನು ಯಾರ ಅತ್ತೆಗೂ ಓದಿ ಹೇಳುವವರಲ್ಲ. ಕಲಂ ಪಾಸಾದರೆ ಪತ್ರಿಕೆಯ ಹೆಸರೂ ಹೋಯಿತು, ಅತ್ತೆಯ ಪರೀಕ್ಷೆಯೂ ಹೋಯಿತು. ಮನೆಗೆ ಹೋಗಿ ಆ ಮಾತನ್ನು ಅತ್ತೆಯ ಎದುರು ಯಾವ ಬಾಯಲ್ಲಿ ಹೇಳುವುದೆಂದು ಗಡಿಬಿಡಿಗೆ ತಿಳಿಯಲಿಲ್ಲ.

ಹೊರಡುವಾಗ ಅತ್ತೆ ಬಾಗಿಲ ತನಕ ವಾಕರ್ ತಳ್ಳಿಕೊಂಡು ಬಂದರು. ಹೆದರಬೇಡ ಎನ್ನಲಿಲ್ಲ, ಒಳ್ಳೆಯದಾಗಲಿ ಎನ್ನಲಿಲ್ಲ. ಬಲ ಕಾಲಿನ ಶೂ ಲೇಸು ಕಟ್ಟಿಲ್ಲ, ಕಟ್ಟಿಕೋ ಎಂದರು.

ರೈಲಿನಲ್ಲಿ ಕೂತವಳೇ ಲ್ಯಾಪ್‌ಟಾಪ್ ತೆರೆದು ತನ್ನ ಭಾಷಣ ಕುಟ್ಟಿದಳು. ಮೂರೇ ನಿಮಿಷದ ಮಾತು. ಸಿಟ್ಟು, ಹುಮ್ಮಸ್ಸು, ಮನಸ್ಸಿಗೆ ಬಂದದ್ದೆಲ್ಲ ಅದರಲ್ಲಿ ಬಿತ್ತು. ಆ ಕಲಂ ಬರೆದ, ಚಳವಳಿಯ ಲೆಕ್ಕಪತ್ರ ನೋಡುವ ಆಡಿಟರ್ ಮಹಾಶಯನಿಗೂ ಒಂದು ಪೆಟ್ಟು ಕೊಟ್ಟಳು: ‘ಜನರನ್ನು ತಲೆ ಲೆಕ್ಕದಲ್ಲಿ ಎಣಿಸಿ ಎಣಿಸಿ, ತಲೆಯ ಒಳಗೆ ಏನಿದೆ ಎಂದು ನೋಡುವುದನ್ನೇ ಮರೆತುಬಿಟ್ಟಿರುವ ಮನುಷ್ಯ’. ಬರೆದಾದ ಮೇಲೆ ಗುಂಪಿನ ಕಪಾಟಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಅವರ ಬರಹ ಇಡುವ ಜಾಗಕ್ಕೆ ಹಾಕಬೇಕು, ಎಲ್ಲರೂ ತಿದ್ದಬೇಕು, ಅದು ಅವರಲ್ಲಿ ನಡೆದುಬಂದದ್ದು. ತಿದ್ದದೆ ಅವರಲ್ಲಿ ಒಂದು ಸಾಲೂ ಹೊರಗೆ ಹೋಗುವುದಿಲ್ಲ. ಕರಡಿನ ನೆತ್ತಿಯ ಮೇಲೆ ಎಂದಿನಂತೆ ಬರೆದಳು: ‘ಎಲ್ಲರೂ ಕೈ ಹಾಕಿ. ದಾಕ್ಷಿಣ್ಯ ಬೇಡ. ಸಿಕ್ಕಿದ್ದನ್ನು ಕಡಿಯಿರಿ.’ ರೈಲು ಸುರಂಗಕ್ಕೆ ನುಗ್ಗುವ ಮೊದಲು ಗಡಿಬಿಡಿಯಲ್ಲಿ ಹಾಕಿಯೇಬಿಟ್ಟಳು. ಆಮೇಲೆ ಲ್ಯಾಪ್‌ಟಾಪಿನ ಚಾರ್ಜು ಸತ್ತಿತು, ಫೋನಿನದೂ ಸತ್ತಿತು. ಅವಳು ಪರಮಸಂತೋಷದಿಂದ ನಿದ್ದೆ ಹೋದಳು.

ಈಗ ನಿಮಗೆ ಅನುಮಾನ ಬಂದಿರಬೇಕು. ನಿಜ, ಅದೇ ಆಯಿತು. ಚಳವಳಿಯ ಗುಂಪುಗಳಿಗೆಲ್ಲ ಒಂದೇ ತಾಣ, ಅದರಲ್ಲಿ ಗುಂಪಿಗೊಂದು ಕಪಾಟು. ಪಕ್ಕದಲ್ಲೇ ಸಮ್ಮೇಳನದ ಕಪಾಟು. ಎರಡರ ಮೇಲೂ ‘ಕರಡು’ ಎಂದೇ ಬರೆದಿದೆ. ಅವಳ ಭಾಷಣ ಹೋಗಿ ಬಿದ್ದದ್ದು ಸಮ್ಮೇಳನದ ಕಪಾಟಿಗೆ, ಇನ್ನೂರಕ್ಕೂ ಹೆಚ್ಚು ಪ್ರತಿನಿಧಿಗಳ ಕಣ್ಣೆದುರಿಗೆ. ಬೇರೆ ಯಾವ ಸಭೆಯವರಾದರೂ ಓದಿ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಇವರು ಹುಟ್ಟಾ ತಿದ್ದುವವರು. ಊಟದ ಹೋಟೆಲಿನಲ್ಲಿ ಬೆಲೆಪಟ್ಟಿ ಕೊಟ್ಟರೂ ಪೆನ್ನು ಹುಡುಕುವ ಜಾತಿ. ಅಂಥವರಿಗೆ ದಾಕ್ಷಿಣ್ಯ ಬೇಡ ಎಂದು ಬೇರೆ ಹೇಳಿದರೆ ಏನಾಗಬೇಕು, ಹೇಳಿ.

ಬೆಳಿಗ್ಗೆ ನಿಲ್ದಾಣದಿಂದ ಸೀದಾ ಸಭಾಂಗಣಕ್ಕೆ ಬಂದಳು. ಎತ್ತರದ ಗಾಜಿನ ಬಾಗಿಲು, ಒಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಎದೆಚೀಟಿಗಳು. ಚೀಟಿ ಕೊಡುತ್ತಿದ್ದವಳು ಪತ್ರಿಕೆಯ ಹೆಸರು ಕೇಳಿದ್ದೇ ಕಣ್ಣರಳಿಸಿ, “ಓ, ಅತ್ತೆ ಗುಂಪಿನವರಾ? ಅತ್ತೆ ಹೇಗಿದಾರೆ?” ಎಂದಳು. ಗಡಿಬಿಡಿ ಚೆನ್ನಾಗಿದ್ದಾರೆ ಎಂದು ಹೇಳಿ ನಾಲ್ಕು ಹೆಜ್ಜೆ ನಡೆದ ಮೇಲೆ, ಇವಳಿಗೆ ಅತ್ತೆ ಹೇಗೆ ಗೊತ್ತು ಎಂದು ನಿಂತಳು. ಗೋಡೆಯ ಪಕ್ಕ ಚಹಾ ಕುಡಿಯುತ್ತಿದ್ದವರು ಅವಳ ಎದೆಚೀಟಿ ಓದಿ ಒಬ್ಬರನ್ನೊಬ್ಬರು ತಿವಿದುಕೊಂಡರು. ಹಕ್ಕಿ ಗುಂಪಿನವಳೊಬ್ಬಳು, ಕುತ್ತಿಗೆಯಲ್ಲಿ ದುರ್ಬೀನು ತೂಗುಹಾಕಿಕೊಂಡೇ ಬಂದವಳು, ನೇರ ಹತ್ತಿರ ಬಂದು ಕೈ ಹಿಡಿದುಕೊಂಡಳು.

“ನಿಮ್ಮ ಮೂರನೇ ಪ್ಯಾರಾ ಪೂರ್ತಿ ತೆಗೆದುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಅದೇ ಮಾತು ಮೊದಲನೇ ಪ್ಯಾರಾದಲ್ಲೇ ಇತ್ತು.”

 ಗಡಿಬಿಡಿ ಗೋಡೆಯಲ್ಲಿ ಪ್ಲಗ್ ಹುಡುಕಿ, ಫೋನನ್ನೂ ಲ್ಯಾಪ್‌ಟಾಪನ್ನೂ ಚಾರ್ಜಿಗೆ ಹಾಕಿ, ಅಲ್ಲೇ ನೆಲದ ಮೇಲೆ ಕೂತು, ಲ್ಯಾಪ್‌ಟಾಪ್ ತೆರೆದಳು. ಅವಳ ಭಾಷಣ ಬಣ್ಣಬಣ್ಣದ ಗೀಟುಗಳಲ್ಲಿ ಮುಚ್ಚಿಹೋಗಿತ್ತು. ಅಂಚಿನಲ್ಲಿ ಟಿಪ್ಪಣಿಯ ಮೇಲೆ ಟಿಪ್ಪಣಿ. ಒಬ್ಬರು ಅತ್ತೆಯ ಆಕಳಿಕೆಯನ್ನು ಮೊದಲಿಗೇ ತನ್ನಿ ಎಂದಿದ್ದರು. ಇನ್ನೊಬ್ಬರು ನಮ್ಮಲ್ಲೂ ಇಂಥ ತಾತ ಇದ್ದಾರೆ ಎಂದು ತಮ್ಮ ಕಥೆ ಸೇರಿಸಿದ್ದರು, ಮತ್ತೊಬ್ಬರು ತಾತನನ್ನು ಅರ್ಧಕ್ಕೆ ಇಳಿಸಿದ್ದರು. ಆಡಿಟರನ ಮೇಲಿನ ಸಾಲಿನ ಎದುರು ಒಂದು ಚಿಕ್ಕ ಟಿಪ್ಪಣಿ ಇತ್ತು: ‘ಇದು ನನ್ನ ಬಗ್ಗೆಯೇ ಇರಬೇಕು. ವಾಕ್ಯ ಉದ್ದವಾಯಿತು. ಅರ್ಧ ಸಾಕು, ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ.’ ಅದರ ಕೆಳಗೆ ಆಡಿಟರನ ಹೆಸರು. ಗಡಿಬಿಡಿಯ ಕಿವಿಯ ತುದಿ ತನಕ ಬಿಸಿ ಏರಿತು.

ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಎತ್ತಿ ಒಂದಷ್ಟು ಗಾಳಿ ಊದಿ, ಇಟ್ಟುಬಿಟ್ಟರು. ಆಮೇಲೆ ಸಂದೇಶ ಬಂತು: ‘ನಾನೂ ನೋಡಿದೆ. ಮಾನ ಹೋದದ್ದು ಹೋಯಿತು. ಈಗ ಇದು ಹೇಳು, ತಿದ್ದಿದ ಮೇಲೆ ಭಾಷಣ ಚೆನ್ನಾಗಿ ಆಗಿದೆಯೋ ಇಲ್ಲವೋ?’

ಅವಳು ಬಣ್ಣದ ಗೀಟುಗಳನ್ನೆಲ್ಲ ಮರೆಮಾಡಿ ಮೊದಲಿನಿಂದ ಓದಿದಳು. ಓದುತ್ತ ಓದುತ್ತ ಬಿಸಿಯೇರಿದ್ದ ಕಿವಿ ತಣ್ಣಗಾಯಿತು. ಚೆನ್ನಾಗಿ ಆಗಿತ್ತು. ಎಷ್ಟು ಚೆನ್ನಾಗಿ ಎಂದರೆ ಇದನ್ನು ಪೂರ್ತಿ ತಾನೇ ಬರೆಯಲಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚು ಬಂತು. ಮೂರು ನಿಮಿಷದ್ದು ಎರಡಕ್ಕೆ ಇಳಿದಿತ್ತು, ಒಂದು ಮಾತೂ ವ್ಯರ್ಥವಿರಲಿಲ್ಲ. ಗುರುತು ಪರಿಚಯವಿಲ್ಲದ ಜನ ತಮ್ಮ ಕೆಲಸ ಬಿಟ್ಟು ತನ್ನ ಅತ್ತೆಯ ಬಗ್ಗೆ ತಲೆಕೆಡಿಸಿಕೊಂಡಿದ್ದಾರಲ್ಲ ಎಂದುಕೊಂಡಳು. ಅಲ್ಲೇ ನೆಲದಿಂದ ಎದ್ದು, ಹಕ್ಕಿ ಗುಂಪಿನವಳನ್ನು ಹುಡುಕಿಕೊಂಡು ಹೋಗಿ ತಬ್ಬಿಕೊಂಡಳು. ದುರ್ಬೀನು ಇಬ್ಬರ ಪಕ್ಕೆಲುಬಿಗೂ ಒತ್ತಿತು.

ಆದರೆ ಅದರಿಂದ ಕಲಂ ಏನೂ ಅಲ್ಲಾಡಲಿಲ್ಲ. ಬೆಳಗಿನ ಚರ್ಚೆಯಲ್ಲಿ ದೊಡ್ಡ ಗುಂಪುಗಳವರು ಒಬ್ಬೊಬ್ಬರಾಗಿ ಎದ್ದು ಆಡಿಟರನ ಪರವಾಗಿಯೇ ಮಾತಾಡಿದರು. ಭಾಷಣ ತಿದ್ದಿದವರಲ್ಲೂ ಕೆಲವರು ಅತ್ತ ಇದ್ದರು. ತಿದ್ದುವುದೇ ಬೇರೆ, ಮತ ಹಾಕುವುದೇ ಬೇರೆ ಎಂಬುದು ಗಡಿಬಿಡಿಗೆ ಆಗ ಹೊಳೆಯಿತು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳು ಒಂದು ಮೂಲೆ ಹಿಡಿದು ತಟ್ಟೆ ಕೆದಕುತ್ತಿದ್ದಾಗ ಆಡಿಟರ್ ಬಂದು ಎದುರಿಗೆ ನಿಂತರು. ಐವತ್ತು ದಾಟಿದ, ನೀಟಾಗಿ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಕುರ್ಚಿಯ ಬೆನ್ನು ಹಿಡಿದು, ಮುಖ ಕಿವಿಚಿಕೊಂಡು, ಒಂದು ಕಡೆ ವಾಲಿ, ಹಂತಹಂತವಾಗಿ ಕೂತರು. ಗಡಿಬಿಡಿಯ ಕಣ್ಣು ಮೊದಲು ಹೋದದ್ದು ಆ ಸೊಂಟಕ್ಕೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವಳು, ಎಷ್ಟು ದಿನದಿಂದ ಈ ನೋವು ಎಂದು ಕೇಳಿಬಿಟ್ಟಳು. ಅವರು ಅದಿರಲಿ ಎಂದು ಕೈ ಆಡಿಸಿದರು. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ, ಅಷ್ಟೇ ಎಂದರು.

ಆಮೇಲೆ ತಮ್ಮ ಕಲಮಿನ ಕಥೆ ಹೇಳಿದರು. ಹಿಂದಿನ ಸಲದ ಸಮ್ಮೇಳನದಲ್ಲಿ ಒಬ್ಬನೇ ಆಸಾಮಿ ನಾಲ್ಕು ಗುಂಪಿನ ಹೆಸರಲ್ಲಿ ನಾಲ್ಕು ಮತ ಹಾಕಿದ್ದನಂತೆ. ನಾಲ್ಕೂ ಗುಂಪು ಅವನ ಒಂದೇ ಕೋಣೆಯಲ್ಲಿದ್ದವು. ಒಂದರ ಕಾರ್ಯದರ್ಶಿ ಯಾರು ಎಂದು ಇವರು ಬೆನ್ನುಹತ್ತಿ ಹೋಗಿ ನೋಡಿದರೆ, ಅದು ಅವನ ಬೆಕ್ಕು. ಆ ಬೆಕ್ಕಿನ ಮತದಿಂದ ಒಂದು ಒಳ್ಳೆಯ ಯೋಜನೆ ಬಿದ್ದುಹೋಗಿತ್ತು. ಗಡಿಬಿಡಿಗೆ ನಗು ತಡೆಯಲಾಗಲಿಲ್ಲ, ಆಡಿಟರ್ ಮಾತ್ರ ನಗಲಿಲ್ಲ.

“ನಿಮ್ಮನ್ನ ಓಡಿಸೋಕೆ ಬರೆದಿದ್ದಲ್ಲಮ್ಮ ಅದು. ಕಳ್ಳರನ್ನ ತಡೆಯೋಕೆ ನನಗೆ ಒಂದು ಅಳತೆ ಬೇಕು. ಬೇರೆ ಅಳತೆ ಇದ್ರೆ ಕೊಡಿ, ಇದನ್ನ ಬಿಡ್ತೀನಿ. ಇಲ್ಲದಿದ್ರೆ ಬಿಡಲ್ಲ.”

ಅವಳಿಗೆ ಉತ್ತರ ಹೊಳೆಯಲಿಲ್ಲ. ನೀವು ಹೇಳುವುದೂ ಸರಿಯೇ ಎಂದು ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ಅವಳಿಗೆ ತುಂಬ ಸಂಕಟವಾಯಿತು. ಎದುರಿಗೆ ಕೂತವನು ದುಷ್ಟನಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಆಡಿಟರ್ ಏಳಲು ಹೊರಟು ಅರ್ಧಕ್ಕೇ ಸೊಂಟ ಹಿಡಿದುಕೊಂಡಾಗ ಅವಳು ಎದ್ದುಹೋಗಿ, ಪಾದ ಹಿಂದಕ್ಕೆ ಎಳೆದುಕೊಳ್ಳಿ, ಎದೆ ಮುಂದಕ್ಕೆ ತನ್ನಿ, ಈಗ ಏಳಿ ಎಂದು ಹೇಳಿಕೊಟ್ಟಳು. ಅವರು ನೋವಿಲ್ಲದೆ ಎದ್ದರು. ಧನ್ಯವಾದ ಹೇಳಿ, ಕಲಮಿನ ವಿಷಯದಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ ಎಂದೂ ಹೇಳಿಯೇ ಹೋದರು.

ಊಟದ ಮೇಲೆ ಅವಳ ಸರದಿ. ಇಳಿಜಾರಾಗಿ ಸಾಲು ಸಾಲು ಕುರ್ಚಿಗಳಿದ್ದ ದೊಡ್ಡ ಹಾಲು. ವೇದಿಕೆಯ ಮೇಲೆ ಅಧ್ಯಕ್ಷೆ, ಮುಂದೆ ಗಂಟೆ ಇಟ್ಟುಕೊಂಡು ಕೂತ ದಪ್ಪ ಕನ್ನಡಕದ ಹೆಂಗಸು. ಗಡಿಬಿಡಿ ಮೈಕಿನ ಪಕ್ಕ ನೀರಿನ ಲೋಟಕ್ಕೆ ಫೋನ್ ಒರಗಿಸಿಟ್ಟಳು. ಅದರಲ್ಲಿ ಮನೆಯ ಮುಂದಿನ ಕೋಣೆ ಕಾಣುತ್ತಿತ್ತು. ಗಂಡ ಆವತ್ತು ಬೇಗ ಬಂದಿದ್ದ, ಮೇಷ್ಟ್ರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು, ನಡುವೆ ಅತ್ತೆ ತಲೆ ಬಾಚಿಕೊಂಡು ಸಿದ್ಧವಾಗಿ ಕೂತಿದ್ದರು.  

ಗಡಿಬಿಡಿ ಲ್ಯಾಪ್‌ಟಾಪ್ ತೆರೆದು ಭಾಷಣ ಓದಿದಳು. ಅತ್ತೆಯ ಆಕಳಿಕೆಗೆ ಸಭೆ ನಕ್ಕಿತು. ಯಾರದೋ ತಾತ ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬರು ಮೂಗು ಒರೆಸಿಕೊಂಡರು. ಆಡಿಟರನ ಸಾಲು ಅರ್ಧವಾಗಿ ಬಂದು ಬಿದ್ದಾಗ ಆಡಿಟರೇ ತಲೆದೂಗಿದರು. ತಮ್ಮ ತಮ್ಮ ಸಾಲು ಬಂದಾಗ ಜನ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದುದನ್ನು ಅವಳು ಓದುತ್ತಲೇ ಕಂಡಳು. ಅಲ್ಲೊಬ್ಬ, ಇಲ್ಲೊಬ್ಬಳು, ಆ ಮೂಲೆಯಲ್ಲಿ ಮೂವರು. ಕೊನೆಯ ಸಾಲು ಮುಗಿದಾಗ ಗಂಟೆ ಹೊಡೆಯಲು ಇನ್ನೂ ಒಂದು ನಿಮಿಷ ಉಳಿದಿತ್ತು. ಚಪ್ಪಾಳೆ ಬಿತ್ತು. ಇಳಿದು ಹೋಗಬೇಕು. ಅಷ್ಟರಲ್ಲಿ ಅವಳ ಕಣ್ಣು ಫೋನಿನ ಮೇಲೆ ಬಿತ್ತು. ಅತ್ತೆ ವಾಕರ್ ಹಿಡಿದು ಏಳುತ್ತಿದ್ದರು. ಗಂಡ ಎದ್ದಿದ್ದ, ಮೇಷ್ಟ್ರು ಎದ್ದಿದ್ದರು. ಬರಹ ಸಿದ್ಧವಾಗಿದೆ, ಕೈ ಹಾಕಿದವರು ಏಳಬೇಕಲ್ಲ.

ಗಡಿಬಿಡಿ ಇಳಿಯಲಿಲ್ಲ. ಯೋಚಿಸಿ ಮಾತಾಡುವವಳಾಗಿದ್ದರೆ ಯೋಚಿಸುತ್ತಿದ್ದಳು. ಇವಳು ಮೈಕನ್ನೇ ಹತ್ತಿರ ಎಳೆದುಕೊಂಡಳು.

“ನಮ್ಮಲ್ಲೊಂದು ಪದ್ಧತಿ ಇದೆ. ಬರಹ ತಯಾರಾದ ಮೇಲೆ ಅದಕ್ಕೆ ಕೈ ಹಾಕಿದವರೆಲ್ಲ ಎದ್ದು ನಿಲ್ತಾರೆ. ಬಟನ್ ಒತ್ತೋವರೆಗೂ ಕೂರಲ್ಲ. ಈ ಭಾಷಣ ನಾನೊಬ್ಬಳೇ ಬರೆದಿದ್ದಲ್ಲ. ಒಂದು ಚುಕ್ಕಿ ಸರಿಸಿದವರೂ ದಯವಿಟ್ಟು ಏಳಿ.”

 ಯಾರೂ ಏಳಲಿಲ್ಲ. ಒಂದು ಕ್ಷಣ, ಎರಡು ಕ್ಷಣ.  ಆಮೇಲೆ ಹಕ್ಕಿ ಗುಂಪಿನವಳು ಎದ್ದಳು. ಅವಳ ಹಿಂದೆ ತಾತನ ಕಥೆ ಸೇರಿಸಿದವನು, ಪಕ್ಕದಲ್ಲಿ ತಾತನನ್ನು ಅರ್ಧಕ್ಕಿಳಿಸಿದವಳು. ನಕ್ಷೆಯವರು ಒಂದು ಸಾಲಿಗೆ ಸಾಲೇ ಎದ್ದರು. ಮಡಚುವ ಕುರ್ಚಿಗಳು ಪಟಪಟನೆ ಮೇಲಕ್ಕೆ ಹಾರತೊಡಗಿದವು. ಆ ಸದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿತು. ಎದೆಚೀಟಿ ಕೊಡುತ್ತಿದ್ದವಳು ಬಾಗಿಲಲ್ಲೇ ನಿಂತು, ನಾನೂ ಒಂದು ಅಕ್ಷರ ತಿದ್ದಿದ್ದೆ ಎಂಬಂತೆ ಕೈ ಎತ್ತಿದಳು. ವೇದಿಕೆಯ ಮೇಲೆ ಅಧ್ಯಕ್ಷೆ ಆ ಕಡೆ ಈ ಕಡೆ ನೋಡಿ, ತುಸು ನಾಚಿಕೊಂಡು, ತಾವೂ ಎದ್ದರು. ಗಡಿಬಿಡಿಗೆ ಕೂಗಿಬಿಡಬೇಕು ಎನ್ನಿಸಿತು. ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಲು ತಿಂಗಳು ಹಿಡಿಯುತ್ತಿತ್ತು.

ಆಡಿಟರ್ ಮುಂದಿನ ಸಾಲಿನಲ್ಲಿ ಕೂತೇ ಇದ್ದರು. ಎಲ್ಲರೂ ಅವರನ್ನೇ ನೋಡಿದರು. ಅವರು ಅವಳ ಮುಖ ನೋಡಿದರು. ಆಮೇಲೆ ಪಾದ ಹಿಂದಕ್ಕೆ ಎಳೆದುಕೊಂಡು, ಎದೆ ಮುಂದಕ್ಕೆ ತಂದು, ಎದ್ದು ನಿಂತರು. ನಿಂತವರೇ ಹಿಂದಕ್ಕೆ ತಿರುಗಿ, ಕಸುಬು ಎಲ್ಲಿ ಹೋದೀತು, ಬೆರಳಾಡಿಸುತ್ತ ತಲೆ ಎಣಿಸತೊಡಗಿದರು. ಸಾಲು ಸಾಲಾಗಿ, ತುಟಿ ಅಲ್ಲಾಡಿಸುತ್ತ. ಎಣಿಸಿ ಮುಗಿಸಿ ಮತ್ತೆ ಮುಂದಕ್ಕೆ ತಿರುಗಿದಾಗ ಅವರ ಮುಖ ಬೇರೆಯೇ ಆಗಿತ್ತು.

“ನೂರು ದಾಟಿದೆ. ನಿಂತವರನ್ನೆಲ್ಲ ಸದಸ್ಯರೆಂದು ಹಿಡಿದರೆ, ನನ್ನ ಕಲಮಿನ ಪ್ರಕಾರವೇ ಈ ಗುಂಪಿಗೆ ಮತ ಉಂಟು,” ಎಂದರು.

ಸಭೆ ಹೋ ಎಂದಿತು. ಗಡಿಬಿಡಿ ಕೈ ಅಡ್ಡ ಹಿಡಿದಳು. ಊಟದ ಹೊತ್ತಿನಲ್ಲಿ ಹೊಳೆಯದ ಉತ್ತರ ಈಗ ಅವಳ ಕಣ್ಣೆದುರು ಸಾಲುಗಟ್ಟಿ ನಿಂತಿತ್ತು.

“ನಮಗೊಬ್ಬರಿಗೆ ಬೇಡ ಸರ್. ಅಳತೆ ಕೇಳಿದ್ರಲ್ಲ, ಇದೇ ಅಳತೆ. ಎಷ್ಟು ಜನ ಹೆಸರು ಬರೆಸಿದಾರೆ ಅಂತ ಎಣಿಸಬೇಡಿ, ಎಷ್ಟು ಜನ ಕೆಲಸಕ್ಕೆ ಕೈ ಹಾಕಿದಾರೆ ಅಂತ ಎಣಿಸಿ. ಯಾವ ಬರಹ ಯಾರು ತಿದ್ದಿದ್ರು ಅಂತ ನಮ್ಮೆಲ್ಲರ ತಾಣದಲ್ಲೇ ಕಾಣುತ್ತೆ. ಬೆಕ್ಕಿನ ಹೆಸರು ಬರೆಸಬಹುದು. ಬೆಕ್ಕಿನ ಕೈಲಿ ಪ್ಯಾರಾ ತಿದ್ದಿಸೋಕಾಗಲ್ಲ.”

ನಗು ಎದ್ದು ಚಾವಣಿಗೆ ಬಡಿಯಿತು. ಆಡಿಟರ್ ಈ ಸಲವೂ ನಗಲಿಲ್ಲ. ಅವರು ಯೋಚಿಸುತ್ತಿದ್ದರು. ಹಾಗಾದರೆ ಎಷ್ಟು ಕೈ ಇರಬೇಕು ಎಂದು ಕೇಳಿದರು. ಅದನ್ನು ನೀವೇ ಹೇಳಿ, ಲೆಕ್ಕ ನಿಮಗೆ ಬರುತ್ತದೆ, ನಮಗೆ ಬರುವುದಿಲ್ಲ ಎಂದಳು. ಅವರು ಅಧ್ಯಕ್ಷೆಯ ಕಡೆ ತಿರುಗಿ, ತಿದ್ದುಪಡಿ ನಾನೇ ಮಂಡಿಸುತ್ತೇನೆ ಎಂದರು. ಅವರ ಮೊಣಕೈಯ ಪಕ್ಕ ಲ್ಯಾಪ್‌ಟಾಪ್ ಇತ್ತು. ನಿಂತುಕೊಂಡೇ, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಕುಟ್ಟಿದರು. ವೇದಿಕೆಯ ಪರದೆಯ ಮೇಲೆ ಎಲ್ಲರೂ ನೋಡುತ್ತಿದ್ದಂತೆ ‘ನೋಂದಾಯಿಸಿದ ನೂರು ಸದಸ್ಯರು’ ಅಳಿಸಿಹೋಗಿ, ‘ವರ್ಷದಲ್ಲಿ ಕೆಲಸಕ್ಕೆ ಕೈ ಹಾಕಿದ ಇಪ್ಪತ್ತು ಮಂದಿ, ಸದಸ್ಯರಿರಲಿ ಇಲ್ಲದಿರಲಿ’ ಎಂದು ಬಂತು. ದೊಡ್ಡ ಗುಂಪಿನೊಳಗೆ ಸೇರಿಹೋಗಬೇಕು ಎಂಬ ಸಾಲನ್ನು ಒಂದು ಕ್ಷಣ ದಿಟ್ಟಿಸಿ, ಅದನ್ನೂ ಅಳಿಸಿದರು. ಗಡಿಬಿಡಿ ಮನಸ್ಸಿನಲ್ಲೇ ತಮ್ಮವರನ್ನು ಎಣಿಸಿದಳು. ಹನ್ನೊಂದು ಜನ, ಲೇಖನ ಬರೆದವರು, ನೋಡಿಕೊಟ್ಟ ತಜ್ಞರು, ಆಕಳಿಸುವ ಅತ್ತೆ. ಇಪ್ಪತ್ತಲ್ಲ, ಐವತ್ತು ದಾಟುತ್ತಿತ್ತು.

ಅಧ್ಯಕ್ಷೆ ಎಲ್ಲರೂ ಕೂತುಕೊಳ್ಳಿ, ಮತಕ್ಕೆ ಹಾಕೋಣ ಎಂದರು. ಯಾರೂ ಕೂರಲಿಲ್ಲ. ಬಟನ್ ಒತ್ತಿಲ್ಲವಲ್ಲ, ಕೂರುವುದು ಹೇಗೆ ಎಂದು ಆಡಿಟರೇ ಕೇಳಿದರು. ಅಧ್ಯಕ್ಷೆ ಸೋತು, ಒಪ್ಪುವವರು ನಿಂತಲ್ಲೇ ಕೈ ಎತ್ತಿ ಎಂದರು. ಸಭೆಯ ತುಂಬ ಕೈಗಳು ಎದ್ದವು. ಎತ್ತದೆ ಉಳಿದವರನ್ನು ಎಣಿಸಲು ಆಡಿಟರಿಗೆ ಎರಡು ಕೈಯ ಬೆರಳುಗಳು ಸಾಕಾದವು.

ಹಕ್ಕಿ ಗುಂಪಿನವಳು ಕುಣಿಯುತ್ತಿದ್ದಳು. ಯಾರೋ ಶಿಳ್ಳೆ ಹಾಕಿದರು. ಗಡಿಬಿಡಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನಲ್ಲಿ ‘ಪ್ರಕಟಿಸು’ ಹುಡುಕಿದಳು, ಈ ಸಲ ಸರಿಯಾದ ಕಪಾಟು ಹೌದೋ ಅಲ್ಲವೋ ಎಂದು ಮೂರು ಸಲ ನೋಡಿಕೊಂಡಳು. ಬೆರಳು ಬಟನ್ ಮೇಲೆ ಇಟ್ಟಳು. ಆಗ ಮೈಕಿನ ಪಕ್ಕದ ಫೋನಿನಿಂದ ಅತ್ತೆಯ ಮಾತು ಇಡೀ ಸಭೆಗೆ ಕೇಳಿಸಿತು.

“ಲೇ, ಎಲ್ಲರನ್ನೂ ಎಷ್ಟು ಹೊತ್ತು ನಿಲ್ಲಿಸ್ತೀಯೇ? ಒತ್ತೇ ಬೇಗ.”

ಅವಳು ಫೋನ್ ನೋಡಿದಳು. ಅತ್ತೆಯೂ ಮತ ಹಾಕಿದ್ದರು. ಕೈ ಇಳಿಸಲು ಮರೆತು ಇನ್ನೂ ಎತ್ತಿಕೊಂಡೇ ನಿಂತಿದ್ದರು. ಎತ್ತಿದ್ದು ಬಲಗೈ, ಅಂದು ಬಿದ್ದುಹೋಗಿದ್ದ ಕೈ. ಎಡಗೈ ಸೊಂಟದ ಮೇಲಿತ್ತು. ವಾಕರ್ ಒಂದು ಮಾರು ದೂರದಲ್ಲಿ, ಕಿಟಕಿಯ ಕೆಳಗೆ ಇತ್ತು. ಅದನ್ನು ಯಾವಾಗ ಬಿಟ್ಟರೋ ಅವರಿಗೇ ಗೊತ್ತಿದ್ದಂತಿರಲಿಲ್ಲ. ಹಿಂದೆ ಗಂಡ ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಉಸಿರು ಬಿಗಿಹಿಡಿದು ನಿಂತಿದ್ದ.

ಗಡಿಬಿಡಿ ಬಟನ್ ಮೇಲಿಂದ ಬೆರಳು ತೆಗೆದಳು.

“ಇನ್ನೊಂದು ಸ್ವಲ್ಪ ಹೊತ್ತು ಅತ್ತೆ,” ಎಂದಳು. “ಎಲ್ಲಾರೂ ನಿಂತಿರ್ತಾರೆ.”